ವಿಶ್ವವಿದ್ಯಾಲಯದ ಉದ್ಯೋಗ ಪೋರ್ಟಲ್: ಮೂರು ತಿಂಗಳು ಬಳಸಿದ ಮೇಲೆ

ನಾನು ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ನೋಡಿಕೊಳ್ಳುವ ಟೆಕ್ನಿಷಿಯನ್. ಕೆಲಸ ಹುಡುಕಲು ಒಂದು ವಿಶ್ವವಿದ್ಯಾಲಯದ ಪೋರ್ಟಲ್ ಬಳಸಿದೆ. ಇಮೇಲ್ ಅಲರ್ಟ್ ಚೆನ್ನಾಗಿದೆ. ಹೊಸ ಹುದ್ದೆ ಬಂದ ದಿನವೇ ಸುದ್ದಿ ಸಿಗುತ್ತದೆ. ಆದರೆ ಅಲರ್ಟ್ ಹಾಕುವಾಗ ಸಂಶೋಧನೆ, ತಾಂತ್ರಿಕ ಎರಡೂ ವಿಭಾಗ ಟಿಕ್ ಮಾಡಿ. ನನಗೆ ಹೊಂದುವ ಹುದ್ದೆ ‘ಸಂಶೋಧನಾ ಸಹಾಯಕ’ ಅನ್ನೋ ಹೆಸರಲ್ಲಿ ಅಡಗಿತ್ತು!

ಜಾಹೀರಾತಿನಲ್ಲಿ ಕಡ್ಡಾಯ ಅರ್ಹತೆ ಬೇರೆ, ಇದ್ದರೆ ಒಳ್ಳೆಯದು ಅನ್ನುವ ಅರ್ಹತೆ ಬೇರೆ. ಸುಮ್ನೆ ಬಯೋಡೇಟಾ ಕಳಿಸಿದಾಗ ಉತ್ತರವೇ ಇರಲಿಲ್ಲ. ಒಂದೊಂದು ಅರ್ಹತೆಗೂ ನಾನು ಮಾಡಿದ ಕೆಲಸದ ಉದಾಹರಣೆ ಬರೆದ ಮೇಲೆ ಸಂದರ್ಶನಕ್ಕೆ ಕರೆ ಬಂತು.

ಬೇಸರವೂ ಇದೆ. ಅನುದಾನ ಯಾವಾಗ ಮುಗಿಯುತ್ತದೆ ಅನ್ನೋದು ಕೊನೆಯ ಪುಟದಲ್ಲಿ, ಸಣ್ಣಕ್ಷರದಲ್ಲಿ. ಪ್ರಾಜೆಕ್ಟ್ ಹಣದ ಮೇಲೆ ನಿಂತ ಹುದ್ದೆಗೆ ಅದೇ ಮುಖ್ಯ ಅಲ್ವಾ? ಕೊನೆಯ ದಿನಾಂಕ ದಾಟಿದರೆ ಜಾಹೀರಾತೇ ಮಾಯ. ಮೊದಲೇ ಪಿಡಿಎಫ್ ಇಳಿಸಿಕೊಳ್ಳಿ, ಸಂದರ್ಶನಕ್ಕೆ ಬೇಕಾಗುತ್ತದೆ.