ಪೋಸ್ಟಿನಲ್ಲಿ ಬಂದ ಕಿಟ್‌ಗಳು: ವಿ.ಪಿ. ಪೊಟ್ಟಣ, ನೀಲಿ ಡಬ್ಬ, ತಿಂಗಳ ಪೆಟ್ಟಿಗೆ

ಮಕ್ಕಳು ತಾವೇ ಏನಾದರೂ ಕಟ್ಟಲಿ ಅಂತ ಪೋಸ್ಟಿನಲ್ಲಿ ಕಿಟ್ ತರಿಸುವುದರಲ್ಲಿ ನಾನು ಮೂರು ಬಗೆ ನೋಡಿದ್ದೇನೆ. ಎಂಬತ್ತರ ದಶಕದಲ್ಲಿ ಹುಬ್ಬಳ್ಳಿಯ ನಮ್ಮ ಮನೆಗೆ ವಿ.ಪಿ.ಯಲ್ಲಿ ಬರುತ್ತಿದ್ದ ಪೊಟ್ಟಣ ಮೊದಲನೆಯದು. ಅಮೆರಿಕದ ಮಕ್ಕಳಿಗೆ ತಿಂಗಳಿಗೊಂದರಂತೆ ಹೋಗುತ್ತಿದ್ದ ಪುಟ್ಟ ನೀಲಿ ಡಬ್ಬ ಎರಡನೆಯದು. ನಾನೂ ಅಮೆರಿಕಕ್ಕೆ ಬಂದ ಮೇಲೆ ಅದರ ಹಳೇ ಡಬ್ಬಗಳನ್ನು ಇ-ಬೇಯಲ್ಲಿ ಹುಡುಕಿ ಕೊಂಡೆ. ಈಗ ಮಗಳಿಗೆ ಚಂದಾ ಕಟ್ಟಿ ತರಿಸುತ್ತಿರುವ ಪೆಟ್ಟಿಗೆ ಮೂರನೆಯದು. ಮೂರನ್ನೂ ಬಿಚ್ಚಿ, ಕಟ್ಟಿ ನೋಡಿದ್ದೇನೆ. ಬೆಲೆ, ಅಂದಚಂದ ಎಲ್ಲ ಆಮೇಲೆ. ಮಗುವಿನ ಕೈಗೆ ಎಷ್ಟು ಕೆಲಸ ಬಿಟ್ಟುಕೊಡುತ್ತದೆ ಅನ್ನೋದನ್ನೇ ನಾನು ಮೊದಲು ನೋಡುತ್ತೇನೆ.

ವಿ.ಪಿ. ಅಂದರೆ ವ್ಯಾಲ್ಯೂ ಪೇಯಬಲ್ ಪೋಸ್ಟ್. ಗೊತ್ತಿಲ್ಲದವರಿಗೆ ಎರಡು ಮಾತು. ಕಾರ್ಡ್ ಬರೆದು ಹಾಕಿದರೆ ಕಂಪನಿಯವರು ಪಾರ್ಸೆಲ್ ಕಳಿಸುತ್ತಿದ್ದರು. ನಮ್ಮೂರ ಪೋಸ್ಟ್ ಆಫೀಸಿನಲ್ಲಿ ದುಡ್ಡು ಕಟ್ಟಿ ಬಿಡಿಸಿಕೊಳ್ಳಬೇಕು. ಆ ದುಡ್ಡು ಮನಿ ಆರ್ಡರ್ ಆಗಿ ಕಳಿಸಿದವರಿಗೆ ವಾಪಸ್ ಹೋಗುತ್ತಿತ್ತು. ಬಿಡಿಸಿಕೊಳ್ಳದಿದ್ದರೆ ಪಾರ್ಸೆಲ್ ಬಂದ ದಾರಿಯಲ್ಲೇ ತಿರುಗಿ ಹೋಗುತ್ತಿತ್ತು. "ತಮ್ಮಾ, ನಿನ್ನ ವಿ.ಪಿ. ಬಂದೈತಿ. ಅಪ್ಪಗ ರೊಕ್ಕ ಕೇಳು" ಅಂತ ಪೋಸ್ಟ್‌ಮ್ಯಾನ್ ಬಾಗಿಲಲ್ಲಿ ನಿಂತು ಹೇಳಿದ ದಿನ ನನಗೆ ಹೋಂವರ್ಕ್ ಕಣ್ಣಿಗೇ ಬೀಳುತ್ತಿರಲಿಲ್ಲ.

ಹಾಗೆ ಬಂದವುಗಳಲ್ಲಿ ಎರಡು ಇಂದಿಗೂ ಕೈಗೆ ನೆನಪಿವೆ. ಒಂದು ಬಾಲ್ಸಾ ಕಟ್ಟಿಗೆಯ ಗ್ಲೈಡರ್. ಪೊಟ್ಟಣದಲ್ಲಿ ವಿಮಾನ ಅನ್ನುವಂಥದ್ದು ಏನೂ ಇರಲಿಲ್ಲ. ತೆಳುವಾದ ಹಲಗೆಗಳು, ಒಂದು ಮರಳು ಕಾಗದ, ಮಡಚಿದ ನಕ್ಷೆ. ಅಷ್ಟೇ. ನಕ್ಷೆಯನ್ನು ಹಲಗೆಯ ಮೇಲೆ ಇಟ್ಟು ಗುರುತು ಹಾಕಬೇಕು, ಬ್ಲೇಡಿನಲ್ಲಿ ಕೊಯ್ಯಬೇಕು, ರೆಕ್ಕೆಯ ಮುಂದಿನ ಅಂಚು ದುಂಡಗಾಗುವವರೆಗೆ ಉಜ್ಜಬೇಕು. ಬಾಲ್ಸಾ ದಕ್ಷಿಣ ಅಮೆರಿಕದ ಮರ, ಹೆಚ್ಚಿನದು ಬೆಳೆಯೋದು ಈಕ್ವೆಡಾರಿನಲ್ಲಿ. ಕೈಯಲ್ಲಿ ಹಿಡಿದರೆ ಭಾರವೇ ಗೊತ್ತಾಗುವುದಿಲ್ಲ. ಎರಡನೇ ಮಹಾಯುದ್ಧದ ಮೊಸ್ಕಿಟೊ ವಿಮಾನದ ಮೈಯಲ್ಲೂ ಪ್ಲೈವುಡ್ಡಿನ ಎರಡು ಪದರದ ನಡುವೆ ಇದೇ ಬಾಲ್ಸಾ ಇತ್ತು.

ಅಂಟು ಒಣಗಿದ ಮೇಲೆ ನಿಜವಾದ ಕೆಲಸ ಶುರು. ಗ್ಲೈಡರ್‌ನ ತೂಕದ ಕೇಂದ್ರ ರೆಕ್ಕೆಯ ಮುಂದಿನ ಅಂಚಿನಿಂದ ರೆಕ್ಕೆಯ ಅಗಲದ ಹೆಚ್ಚುಕಡಿಮೆ ಮೂರನೇ ಒಂದು ಭಾಗದಷ್ಟು ಹಿಂದೆ ಬರಬೇಕು. ಎರಡೂ ರೆಕ್ಕೆಯ ಕೆಳಗೆ ಬೆರಳು ಕೊಟ್ಟು ಎತ್ತಿ ನೋಡುತ್ತಿದ್ದೆ. ಬಾಲ ಕೆಳಗೆ ವಾಲಿದರೆ ಮೂತಿಗೆ ಚೂರು ಜೇಡಿಮಣ್ಣು. ಆಮೇಲೆ ನೆಹರೂ ಮೈದಾನ. ಮೂತಿ ಎತ್ತಿ, ನಿಂತು, ದೊಪ್ಪಂತ ಬಿದ್ದರೆ ಇನ್ನೂ ಮಣ್ಣು ಬೇಕು. ನೇರ ನೆಲಕ್ಕೆ ಹೋದರೆ ಮಣ್ಣು ಜಾಸ್ತಿ ಆಗಿದೆ. ಯಾರೂ ಪಾಠ ಮಾಡಲಿಲ್ಲ, ವಿಮಾನವೇ ಹೇಳಿಕೊಟ್ಟಿತು. ಒಂದು ಸಲ ಪಾರ್ಸೆಲ್ಲಿನಲ್ಲೇ ಹಲಗೆ ಸೀಳಿ ಬಂದಿತ್ತು. ಕಂಪನಿಗೆ ಬರೆದ ಕಾಗದಕ್ಕೆ ಉತ್ತರ ಬರಲಿಲ್ಲ. ವಿ.ಪಿ.ಯ ದೊಡ್ಡ ತೊಂದರೆ ಇದೇ. ಬಿಚ್ಚಿ ನೋಡುವ ಮೊದಲೇ ದುಡ್ಡು ಕೈಬಿಟ್ಟಿರುತ್ತಿತ್ತು.

ಇನ್ನೊಂದು ಕ್ರಿಸ್ಟಲ್ ರೇಡಿಯೊ. ತಾಮ್ರದ ತಂತಿ, ಸ್ಟೇಷನ್ ಹಿಡಿಯಲು ತಿರುಗಿಸುವ ಗ್ಯಾಂಗ್ ಕಂಡೆನ್ಸರ್, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ, ಗಾಜಿನ ಮೈಯ ಪುಟ್ಟ ಜರ್ಮೇನಿಯಂ ಡಯೋಡ್, ಕಿವಿಗೆ ಇಡುವ ಇಯರ್‌ಫೋನ್. ಬ್ಯಾಟರಿ ಇಲ್ಲ. ರೇಡಿಯೊ ಅಲೆಯಲ್ಲಿ ಬರುವ ಶಕ್ತಿಯಿಂದಲೇ ಅದು ಹಾಡಬೇಕು. ಅದಕ್ಕೇ ಜರ್ಮೇನಿಯಂ. ಅದು 0.2-0.3 ವೋಲ್ಟಿಗೇ ಬಾಗಿಲು ತೆರೆಯುತ್ತದೆ. ಸಿಲಿಕಾನ್ ಡಯೋಡಿಗೆ 0.6 ವೋಲ್ಟ್ ಹತ್ತಿರ ಬೇಕು, ಅಷ್ಟು ಆ ತಂತಿಗೆ ಎಲ್ಲಿಂದ ಬರಬೇಕು? ರಟ್ಟಿನ ಕೊಳವೆಗೆ ತಂತಿ ಸುತ್ತಿ, ಏರಿಯಲ್ ಅನ್ನು ಮಾಳಿಗೆಯಿಂದ ತೆಂಗಿನ ಮರಕ್ಕೆ ಎಳೆದು, ಅರ್ಥ್ ಅನ್ನು ನಳದ ಪೈಪಿಗೆ ಕಟ್ಟಿದೆ. ಆಕಾಶವಾಣಿ ಧಾರವಾಡ, 765 ಕಿಲೋಹರ್ಟ್ಸ್, ಸ್ಪಷ್ಟವಾಗಿ ಕೇಳಿತು. ಹತ್ತಿರದ ದೊಡ್ಡ ಸ್ಟೇಷನ್, ಹಾಗಾಗಿ ಬೇರೆ ಯಾವುದೂ ಬರುತ್ತಿರಲಿಲ್ಲ. ನನಗೆ ಅಷ್ಟು ಸಾಕಿತ್ತು. ಕರೆಂಟ್ ಹೋದ ರಾತ್ರಿ ಮನೆಯಲ್ಲಿ ನನ್ನ ಕಿವಿಯಲ್ಲಿ ಮಾತ್ರ ವಚನ ಕೇಳುತ್ತಿತ್ತು!

ಆದರೆ ಇವು ಚಂದಾ ಅಲ್ಲ. ಒಂದು ಬಂದರೆ ಮುಂದಿನದು ಯಾವಾಗಲೋ. ಆ ಕೊರತೆ ನೀಗಿಸಿದ್ದು ನೀಲಿ ಡಬ್ಬ. ಹೆಸರು ಥಿಂಗ್ಸ್ ಆಫ್ ಸೈನ್ಸ್. ವಿಜ್ಞಾನದ ಸುದ್ದಿ ಹಂಚಲು 1921ರಲ್ಲಿ ಹುಟ್ಟಿದ ಸೈನ್ಸ್ ಸರ್ವೀಸ್ ಸಂಸ್ಥೆ ಇದನ್ನು 1940ರಲ್ಲಿ ಶುರು ಮಾಡಿತು. 1989ರವರೆಗೆ ನಡೆಯಿತು. ತಿಂಗಳಿಗೊಂದು ವಿಷಯ. ಅದಕ್ಕೆ ಬೇಕಾದ ಚೂರುಪಾರು ಸಾಮಾನು, ಜೊತೆಗೆ ಪ್ರಯೋಗಗಳ ಸಣ್ಣ ಪುಸ್ತಕ.

ನನಗೆ ಸಿಕ್ಕವುಗಳಲ್ಲಿ ಒಂದರಲ್ಲಿ ಲೆನ್ಸ್‌ಗಳಿದ್ದವು. ಕಟ್ಟಿ ಮುಗಿಸುವ ಆಟಿಕೆ ಏನೂ ಇಲ್ಲ. ಮೊದಲು ನಿರಾಸೆ ಆಗುತ್ತದೆ, ನಿಜ. ಆಮೇಲೆ ನಾನೂ ಮಗಳೂ ಕಿಟಕಿಯ ಎದುರು ಗೋಡೆಗೆ ಬಿಳಿ ಹಾಳೆ ಅಂಟಿಸಿ, ಹೊರಗಿನ ಮರವನ್ನು ಅದರ ಮೇಲೆ ತಲೆಕೆಳಗಾಗಿ ಬೀಳಿಸಿದೆವು. ಲೆನ್ಸಿನಿಂದ ಹಾಳೆಗೆ ಎಷ್ಟು ದೂರ ಅಂತ ಅಳೆದೆವು. ಹತ್ತಿರದ ಮೇಣದಬತ್ತಿಗೆ ಆ ದೂರ ಯಾಕೆ ಬದಲಾಗುತ್ತದೆ ಅಂತ ಅವಳೇ ಕೇಳಿದಳು. ಸಂಜೆಯೆಲ್ಲ ಅದರಲ್ಲೇ ಕಳೆಯಿತು. ಕಡಿಮೆ ಸಾಮಾನಿನಲ್ಲಿ ಇಷ್ಟು ಪ್ರಶ್ನೆ ಎಬ್ಬಿಸುವ ಕಿಟ್ ನಾನು ಬೇರೆ ಕಂಡಿಲ್ಲ.

ಇಂದಿನ ಪೆಟ್ಟಿಗೆಗಳಲ್ಲಿ ಎರಡನ್ನು ತರಿಸಿದೆವು. ಕಿವಿಕೋ 2011ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದದ್ದು. ಒಂಬತ್ತು ದಾಟಿದ ಮಕ್ಕಳಿಗೆ ಅವರ ಟಿಂಕರ್ ಕ್ರೇಟ್ ಇದೆ. ಕ್ರಂಚ್‌ಲ್ಯಾಬ್ಸ್ ನಾಸಾದಲ್ಲಿ ಮಂಗಳ ಗ್ರಹದ ಕ್ಯೂರಿಯಾಸಿಟಿ ರೋವರ್ ಮೇಲೆ ಕೆಲಸ ಮಾಡಿದ್ದ, ಯೂಟ್ಯೂಬಿನ ಮಾರ್ಕ್ ರೋಬರ್ ಕಟ್ಟಿದ್ದು. 2022ರಲ್ಲಿ ಬಂತು. ಎರಡರಲ್ಲೂ ಮರದ ಭಾಗಗಳು ಮೊದಲೇ ಕೊಯ್ದು ಬರುತ್ತವೆ. ಒತ್ತಿ ತೆಗೆದು, ಜೋಡಿಸಿ, ಸ್ಕ್ರೂ ಹಾಕಿದರೆ ಆಯಿತು. ಟಿಂಕರ್ ಕ್ರೇಟಿನ ಹೈಡ್ರಾಲಿಕ್ ಕೈ ನನಗೆ ತುಂಬ ಹಿಡಿಸಿತು. ಸಿರಿಂಜಿನಲ್ಲಿ ನೀರು ತಳ್ಳಿದರೆ ಕೊಳವೆಯ ಆ ತುದಿಯಲ್ಲಿ ಬೆರಳು ಮಡಚುತ್ತದೆ. ಜೆಸಿಬಿಯ ತೋಳು ಹೇಗೆ ಏಳುತ್ತದೆ ಅಂತ ಮಗಳಿಗೆ ಬೇರೆ ವಿವರಿಸಬೇಕಾಗಲಿಲ್ಲ. ಕ್ರಂಚ್‌ಲ್ಯಾಬ್ಸ್‌ನ ಬಿಲ್ಲೆ ಹಾರಿಸುವ ಯಂತ್ರ ಆಟಕ್ಕೆ ಇನ್ನೂ ಮಜಾ. ಜೊತೆಗೆ ಬರುವ ವಿಡಿಯೊದಲ್ಲಿ ರೋಬರ್ ಕಾರಣವನ್ನು ಚೆನ್ನಾಗಿ ಬಿಡಿಸಿ ಹೇಳುತ್ತಾರೆ. ಎರಡರಲ್ಲಿ ಒಂದೇ ಅಂದರೆ ನಾನು ಟಿಂಕರ್ ಕ್ರೇಟ್ ಅನ್ನುತ್ತೇನೆ. ಅದರ ಪುಸ್ತಕ ನೋಡಿಕೊಂಡು ಮಗಳು ತನ್ನ ವೇಗದಲ್ಲಿ ಹೋದಳು. ವಿಡಿಯೊ ಓಡುತ್ತಿದ್ದರೆ ಅವಳ ಕಣ್ಣು ಪರದೆಯ ಮೇಲೇ ಇರುತ್ತಿತ್ತು.

ಇವುಗಳ ದೊಡ್ಡ ಗುಣ ಅಂದರೆ ಮಗು ಒಂಟಿಯಾಗಿ ಕೂತು ಮುಗಿಸಬಹುದು, ಮುಗಿಸಿದ್ದು ಓಡುತ್ತದೆ. ಇದು ಸಣ್ಣ ಮಾತಲ್ಲ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಬಾಲ್ಸಾಕ್ಕೆ ಬ್ಲೇಡ್ ಹಿಡಿಸಿ ಪಕ್ಕದಲ್ಲಿ ಕೂರೋದಕ್ಕೆ ಪುರುಸೊತ್ತು ಎಲ್ಲಿ, ಅಲ್ವಾ? ಆದರೆ ಸಂಜೆಗೆ ಮುಗಿದ ಕಿಟ್ ಮರುದಿನ ಕಪಾಟು ಸೇರುತ್ತದೆ. ನನ್ನ ಗ್ಲೈಡರ್ ಬೇಸಿಗೆ ರಜೆಯೆಲ್ಲ ಮುರಿದು, ಅಂಟಿಸಿಕೊಂಡು ಬದುಕಿತ್ತು.

ಆದ್ದರಿಂದ ನಮ್ಮ ಮನೆಯಲ್ಲಿ ಈಗ ಹೀಗೆ ಮಾಡಿಕೊಂಡಿದ್ದೇವೆ. ಚಂದಾ ಪೂರ್ತಿ ವರ್ಷಕ್ಕೆ ಕಟ್ಟುವುದಿಲ್ಲ. ಕೆಲವು ತಿಂಗಳು ಪೆಟ್ಟಿಗೆ, ನಡುವೆ ಬಿಡುವು. ಆ ಬಿಡುವಿನಲ್ಲಿ ನೀಲಿ ಡಬ್ಬದ ರೀತಿ: ಒಂದು ಅಯಸ್ಕಾಂತ ಅಥವಾ ಒಂದು ಲೆನ್ಸ್, ಒಂದು ನೋಟ್‌ಬುಕ್. ಏಳೆಂಟು ವರ್ಷದ ಮಗುವಿಗೆ ಪೆಟ್ಟಿಗೆಯೇ ಸರಿ, ಬ್ಲೇಡ್ ಬೇಡ. ಹತ್ತು ಹನ್ನೊಂದಾದರೆ ಧೈರ್ಯವಾಗಿ ಬಾಲ್ಸಾ ಹಲಗೆ ಕೊಡಿಸಿ, ಮೊದಲ ಕೆಲವು ದಿನ ಜೊತೆಗೆ ಕೂತುಕೊಳ್ಳಿ. ಬೆಂಗಳೂರಿನಲ್ಲಿರುವವರು ಕ್ರಿಸ್ಟಲ್ ರೇಡಿಯೊ ಸಾಮಾನಿಗೆ ಎಸ್.ಪಿ. ರೋಡಿನಲ್ಲಿ ವಿಚಾರಿಸಬಹುದು. ಡಯೋಡ್ ಕೇಳುವಾಗ 1ಎನ್34ಎ ಅನ್ನಿ, ಜರ್ಮೇನಿಯಂ ಹೌದೋ ಅಲ್ಲವೋ ಅಂತ ಖಾತ್ರಿ ಮಾಡಿಕೊಳ್ಳಿ. ಇಯರ್‌ಫೋನ್ ಮಾತ್ರ ಮೊಬೈಲಿನದು ಆಗುವುದಿಲ್ಲ, ಕ್ರಿಸ್ಟಲ್ ಇಯರ್‌ಫೋನೇ ಬೇಕು.