ಮೌಲ್ಡ್ ಹಾಕುವ ಮುಂಚೆ ಸಿಮೆಂಟ್ ಚೀಲದ ಮೇಲೇನಿದೆ ಓದಿ

ಮನೆ ಕಟ್ಟಿಸುತ್ತಿರುವವರು ದಯವಿಟ್ಟು ಇದನ್ನು ಓದಿ. ನಮ್ಮ ಹಾಲ್‌ನ ನಡುವೆ ಈಗ ಒಂದು ಕಂಬ ಇದೆ. ಪ್ಲ್ಯಾನ್‌ನಲ್ಲಿ ಅದು ಇರಲೇ ಇಲ್ಲ.

ಹಾಸನದ ಹತ್ತಿರ ನಮ್ಮ ಮನೆ. ಪಾಯ, ಪಿಲ್ಲರ್ ಎಲ್ಲಾ 43 ಗ್ರೇಡ್ (ಬಲದ ದರ್ಜೆ) ಒಪಿಸಿಯಲ್ಲಿ, ಅಂದರೆ ಹಾರುಬೂದಿ ಬೆರೆಸದ ಸಾಮಾನ್ಯ ಸಿಮೆಂಟ್‌ನಲ್ಲಿ ಆಗಿತ್ತು. ಡಿಸೆಂಬರ್ ಚಳಿಯಲ್ಲಿ ಚಾವಣಿಯ ಮೌಲ್ಡ್ ಹಾಕಿದೆವು. ಅವತ್ತು ಅಂಗಡಿಯಿಂದ ಬಂದಿದ್ದು ಪಿಪಿಸಿ, ಅಂದರೆ ಹಾರುಬೂದಿ (ಕಲ್ಲಿದ್ದಲು ಸುಟ್ಟಾಗ ಬರುವ ನುಣ್ಣನೆ ಬೂದಿ) ಬೆರೆಸಿದ ಸಿಮೆಂಟ್. ಅದೇ ಕಂಪನಿ, ಹೆಚ್ಚುಕಡಿಮೆ ಅದೇ ಥರದ ಚೀಲ. ನಾನು ಗಮನಿಸಲಿಲ್ಲ, ಮೇಸ್ತ್ರಿ ಹೇಳಲಿಲ್ಲ. 8ನೇ ದಿನ ಇನ್ನೊಂದು ಕೆಲಸಕ್ಕೆ ಶೀಟು ಬೇಕು ಅಂತ ಸೆಂಟ್ರಿಂಗ್ (ಸ್ಲ್ಯಾಬ್ ಹೊತ್ತಿರುವ ಶೀಟು, ಆಧಾರದ ಕಂಬಗಳು) ಬಿಚ್ಚಿಸಿಬಿಟ್ಟರು. ಹಾಲ್ 16 ಅಡಿಗೆ 18 ಅಡಿ. ಎರಡೇ ದಿನಕ್ಕೆ ಸ್ಲ್ಯಾಬ್‌ನ ಕೆಳಗೆ ಬಿರುಕು ಕಂಡಿತು. ದಾರ ಹಿಡಿದು ನೋಡಿದರೆ ಮಧ್ಯ ಜಗ್ಗಿತ್ತು. ಆ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ.

ಬಂದು ನೋಡಿದ ಎಂಜಿನಿಯರ್ ಬಿಡಿಸಿ ಹೇಳಿದರು. ಪಿಪಿಸಿ ಕೆಟ್ಟ ಸಿಮೆಂಟ್ ಅಲ್ಲ. ಅದರಲ್ಲಿ ನೂರಕ್ಕೆ 15ರಿಂದ 35 ಭಾಗ ಹಾರುಬೂದಿ ಇರುತ್ತದೆ. ಸಿಮೆಂಟ್ ನೀರು ಕುಡಿದಾಗ ಹೊರಬರುವ ಸುಣ್ಣದ ಜೊತೆ ಆ ಬೂದಿ ನಿಧಾನವಾಗಿ ಬೆರೆತು ಗಟ್ಟಿಯಾಗುತ್ತದೆ. ಹಾಗಾಗಿ ಮೊದಲ ದಿನಗಳಲ್ಲಿ ಬಲ ಕಡಿಮೆ, ಚಳಿಯಲ್ಲಂತೂ ಇನ್ನೂ ನಿಧಾನ. ಆಮೇಲೆ ಚೆನ್ನಾಗಿಯೇ ಗಟ್ಟಿಯಾಗುತ್ತದೆ, ನೀರೂ ಸುಲಭಕ್ಕೆ ಇಳಿಯುವುದಿಲ್ಲ. ಗಾರೆಗೆ, ಇಟ್ಟಿಗೆ ಕಟ್ಟಲು, ಪಾಯಕ್ಕೆ ಬಹಳ ಒಳ್ಳೆಯದು. ಮೌಲ್ಡ್‌ಗೂ ಆಗುತ್ತದೆ, ಆದರೆ ಕಾಯಬೇಕು.

ಕಾಂಕ್ರೀಟ್ ಕೆಲಸಕ್ಕಿರುವ ಭಾರತೀಯ ಮಾನದಂಡ ಐಎಸ್ 456ರ ಪ್ರಕಾರ ಒಪಿಸಿ ಹಾಕಿದರೂ 4.5 ಮೀಟರ್, ಅಂದರೆ ಸುಮಾರು 15 ಅಡಿ ದಾಟಿದ ಸ್ಲ್ಯಾಬ್‌ಗೆ ಸೆಂಟ್ರಿಂಗ್‌ನ ಆಧಾರದ ಕಂಬ 14 ದಿನ ಇರಬೇಕು. ಪಿಪಿಸಿ ಆದರೆ ಅದಕ್ಕಿಂತ ಜಾಸ್ತಿ, ಎಷ್ಟು ದಿನ ಅಂತ ಎಂಜಿನಿಯರೇ ಹೇಳಬೇಕು. ನೀರು ಹೊಡೆಯುವುದೂ ಹಾಗೇ: ಒಪಿಸಿಗೆ ಕನಿಷ್ಠ 7 ದಿನ, ಪಿಪಿಸಿಗೆ 10. ಬಿಸಿಲು ಜೋರಿದ್ದರೆ 10 ಮತ್ತು 14. ನಮ್ಮಲ್ಲಿ ಆರನೇ ದಿನಕ್ಕೇ ನೀರು ನಿಲ್ಲಿಸಿದ್ದರು!

ಇನ್ನೊಂದು ಮಾತು. ಇನ್ನೂ ಹೆಚ್ಚು ಬಲದ 53 ಗ್ರೇಡ್ ಒಪಿಸಿ ಅಂದರೆ ಎಲ್ಲದಕ್ಕೂ ಒಳ್ಳೆಯದು ಅಂತ ಗಾರೆಗೂ ಅದನ್ನೇ ತರಿಸುವವರಿದ್ದಾರೆ. ಅದು ಬೇಗ ಬಿಸಿಯಾಗುತ್ತದೆ, ನೀರು ಸ್ವಲ್ಪ ಕಡಿಮೆಯಾದರೂ ಗೋಡೆ ತುಂಬ ಕೂದಲೆಳೆ ಬಿರುಕು ಬರುತ್ತದೆ. ಸುಮ್ನೆ ದುಡ್ಡು ಹಾಳು.

ಲೋಡ್ ಇಳಿಸುವಾಗ ನೀವೇ ನಿಂತು ನೋಡಿ. ಒಪಿಸಿಯೋ ಪಿಪಿಸಿಯೋ, ಯಾವ ವಾರ ತಯಾರಾಗಿದ್ದು, ಎಲ್ಲಾ ಚೀಲದ ಮೇಲೇ ಇರುತ್ತದೆ. ಮೂರು ತಿಂಗಳು ದಾಟಿದ್ದರೆ ವಾಪಸ್ ಕಳಿಸಿ. ಶೀಟು ಬಿಚ್ಚುತ್ತೇವೆ ಅಂತ ಮೇಸ್ತ್ರಿ ಅವಸರ ಮಾಡಿದರೆ, ಇನ್ನೊಂದು ವಾರದ ಬಾಡಿಗೆ ನೀವೇ ಕೊಟ್ಟುಬಿಡಿ.