ಹತ್ತು ಪಟ್ಟಿನ ಭೂತಗನ್ನಡಿ, ಮೂರು ತಿಂಗಳು ಬಳಸಿದ ಮೇಲೆ

ಚಿಕ್ಕಪೇಟೆ ಕಡೆ, ಅಕ್ಕಸಾಲಿಗರ ಸಾಮಾನು ಮಾರುವ ಒಂದು ಸಣ್ಣ ಅಂಗಡಿಯಲ್ಲಿ 400 ರೂಪಾಯಿ ಕೊಟ್ಟು ತಗೊಂಡೆ. ಬಂಗಾರದ ಅಂಗಡಿಯವರು ಕಣ್ಣಿಗೆ ಒತ್ತಿ ಹಿಡಿದು ಹರಳು ನೋಡುತ್ತಾರಲ್ಲ, ಅದೇ. ಮಡಚಿದರೆ ಹೆಬ್ಬೆರಳಿನಷ್ಟು. 10 ಪಟ್ಟು ದೊಡ್ಡದಾಗಿ ತೋರಿಸುತ್ತದೆ. ಇಷ್ಟು ಕಡಿಮೆ ದುಡ್ಡಿಗೆ ನನಗೆ ಇಷ್ಟು ಕೊಟ್ಟ ವಸ್ತು ಇನ್ನೊಂದಿಲ್ಲ.

ಮೊದಲು ಆನ್‌ಲೈನಲ್ಲಿ ಒಂದು ತರಿಸಿದ್ದೆ. ಮೇಲೆ 30 ಪಟ್ಟು ಅಂತ ಬರೆದಿತ್ತು. ಬಂದದ್ದು ಪ್ಲಾಸ್ಟಿಕ್. ನಡುವೆ ಮಸುಕು, ಅಂಚಿನಲ್ಲೆಲ್ಲ ಕಾಮನಬಿಲ್ಲು. ಆ 30ರ ಆಸೆಗೆ ಬೀಳಬೇಡಿ. 10 ಸಾಕು, ಗಾಜಿನದ್ದೇ ಕೇಳಿ.

ಬಳಸುವ ರೀತಿ ಸ್ವಲ್ಪ ಹೇಳಬೇಕು. ಪೇಪರ್ ಓದೋ ಭೂತಗನ್ನಡಿ ಥರ ದೂರ ಹಿಡಿದರೆ ಏನೂ ಕಾಣುವುದಿಲ್ಲ. ಇದನ್ನು ಕಣ್ಣಿಗೇ ತಾಗಿಸಬೇಕು, ಹೆಬ್ಬೆರಳನ್ನು ಕೆನ್ನೆಗೆ ಊರಬೇಕು, ಆಮೇಲೆ ನೋಡುವ ವಸ್ತುವಿನ ಹತ್ತಿರ ನಾವೇ ಹೋಗಬೇಕು, ಸುಮಾರು ಎರಡೂವರೆ ಸೆಂಟಿಮೀಟರ್ ತನಕ. ಕೂದಲೆಳೆಯಷ್ಟು ಹಿಂದೆ ಮುಂದೆ ಆದರೂ ಮಸುಕು. ಉಸಿರು ಜೋರಾದರೂ ಅಲುಗುತ್ತದೆ. ಅಂದರೆ ಮಂಡಿಯೂರಿ ಕೂರಬೇಕು, ಉಸಿರು ಹಿಡಿಯಬೇಕು, ಕಾಯಬೇಕು. ಅವಸರದವರಿಗೆ ಇದು ಏನನ್ನೂ ತೋರಿಸುವುದಿಲ್ಲ. ನನಗೆ ಬೇಕಾಗಿದ್ದೂ ಅದೇ ಅಂತ ಆಮೇಲೆ ಗೊತ್ತಾಯಿತು.

ಎಂಟು ವರ್ಷದಿಂದ ಲಾಲ್‌ಬಾಗಿಗೆ ವಾಕಿಂಗ್ ಹೋಗುತ್ತಿದ್ದೇನೆ. 240 ಎಕರೆ ತೋಟ. ದಿನಾ ನಾಲ್ಕು ಕಿಲೋಮೀಟರ್ ಮುಗಿಸಿ ಆಫೀಸಿಗೆ ಓಡುತ್ತಿದ್ದೆ. ಕೆಂಪೇಗೌಡ ಗೋಪುರ ಇರುವ ಬಂಡೆಯನ್ನು ನೂರಾರು ಸಲ ಹತ್ತಿ ಇಳಿದಿದ್ದೇನೆ. ಅದಕ್ಕೆ ಸುಮಾರು 300 ಕೋಟಿ ವರ್ಷ ವಯಸ್ಸು ಅನ್ನೋದೂ ಗೊತ್ತಿತ್ತು, ಆದರೆ ಒಂದು ದಿನವೂ ಬಗ್ಗಿ ನೋಡಿರಲಿಲ್ಲ. ಲೆನ್ಸ್ ಇಟ್ಟು ನೋಡಿದೆ. ಬೆಣಚುಕಲ್ಲಿನ ಹರಳು ಕಲ್ಲುಸಕ್ಕರೆ ಹಾಗೆ, ಪಕ್ಕದಲ್ಲಿ ನಸುಗೆಂಪು ಹರಳು, ನಡುವೆ ಹಾಳೆ ಹಾಳೆಯಾಗಿ ಕಪ್ಪಗೆ ಮಿನುಗುವ ಕಾಗೆಬಂಗಾರ. ಭೂಮಿಯ ಆಳದಲ್ಲಿ ಬಿಸಿಗೆ, ಒತ್ತಡಕ್ಕೆ ಸಿಕ್ಕಿ ಇವೆಲ್ಲ ಸಾಲಾಗಿ ಕೂತಿವೆ, ಬಂಡೆಯ ಮೇಲೆ ನಮಗೆ ಪಟ್ಟೆ ಕಾಣುವುದು ಅದಕ್ಕೇ. ಅವತ್ತು ಅಲ್ಲಿಂದ ಏಳೋಕೆ ಮನಸ್ಸಾಗಲಿಲ್ಲ. ದೊಡ್ಡ ದೇವಸ್ಥಾನಗಳಲ್ಲಿ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ 'ಮುಂದೆ ನಡೀರಿ' ಅನ್ನುತ್ತಾರೆ. ಇಲ್ಲಿ ಅರ್ಧ ಗಂಟೆ ಕೂತರೂ ಯಾರೂ ಏಳಿಸಲಿಲ್ಲ.

ಮುಂದಿನ ಭಾನುವಾರ ಅಮ್ಮನನ್ನೂ ಕರೆದುಕೊಂಡು ಹೋದೆ. ಒಂದು ಹಳೇ ಮರದ ತೊಗಟೆ ಮೇಲೆ ಬೂದಿ ಹಸಿರಿನ ತೇಪೆ ಇತ್ತು. "ಇದು ನಮ್ಮ ಮಸಾಲೆ ಡಬ್ಬಿ ಕಲ್ಲುಹೂವಿನ ಜಾತಿ ಅಲ್ವೇನೋ?" ಅಂದರು. ಹೌದು, ಅದೇ ಬಳಗ. ಒಂದು ಶಿಲೀಂಧ್ರ, ಒಂದು ಪಾಚಿ, ಎರಡೂ ಸೇರಿ ಒಂದೇ ಜೀವದ ಹಾಗೆ ಬದುಕುತ್ತವೆ. ಪಾಚಿ ಬಿಸಿಲಲ್ಲಿ ಅಡುಗೆ ಮಾಡುತ್ತದೆ, ಶಿಲೀಂಧ್ರ ಮನೆ ಕಟ್ಟಿಕೊಡುತ್ತದೆ. ಕೆಲವು ಜಾತಿಯವು ವರ್ಷಕ್ಕೆ ಒಂದು ಮಿಲಿಮೀಟರ್ ಕೂಡ ಬೆಳೆಯುವುದಿಲ್ಲ. ಅಮ್ಮ ಕನ್ನಡಕ ತೆಗೆದು ಲೆನ್ಸ್ ಹಿಡಿದರು. ಪುಟ್ಟ ಪುಟ್ಟ ಬಟ್ಟಲು ಜೋಡಿಸಿಟ್ಟ ಹಾಗಿತ್ತು, ಒಂದೊಂದಕ್ಕೂ ಬಿಳಿ ಅಂಚು. ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, "ಇಷ್ಟು ಚಿಕ್ಕದನ್ನೂ ಇಷ್ಟು ನಿಧಾನವಾಗಿ ಕೂತು ಮಾಡಿದಾನಲ್ಲೋ ದೇವರು" ಅಂದರು.

ನಮ್ಮದು ದತ್ತಾತ್ರೇಯನ ಮನೆತನ. ಹನುಮಂತನಗರದ ನಮ್ಮ ಬೀದಿ ಕೊನೆಯ ಅತ್ತಿ ಮರಕ್ಕೆ ಅಮ್ಮ ಗುರುವಾರ ಗುರುವಾರ ಪ್ರದಕ್ಷಿಣೆ ಹಾಕುತ್ತಾರೆ, ಔದುಂಬರ ಅಂತ. ಅತ್ತಿ ಹೂ ಕಂಡವರಿಲ್ಲ ಅಂತ ಅವರು ಹೇಳುವುದನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಕೆಳಗೆ ಬಿದ್ದಿದ್ದ ಒಂದು ಕಾಯಿ ಬಿಡಿಸಿ ಇಬ್ಬರೂ ನೋಡಿದೆವು. ಹೂ ಇರುವುದೇ ಒಳಗೆ, ನೂರಾರು. ಹುಳ ಅಂತ ನಾವು ಮುಖ ಕಿವುಚುತ್ತೇವಲ್ಲ, ಅದು ಎಳ್ಳಿಗಿಂತ ಚಿಕ್ಕ ಕಣಜ. ಕಾಯಿಯ ತುದಿಯ ಸಣ್ಣ ತೂತಿನಿಂದ ಒಳಗೆ ಹೋಗಿ, ಹೂಗಳಿಗೆ ಪರಾಗ ಮುಟ್ಟಿಸಿ, ಮೊಟ್ಟೆ ಇಟ್ಟು ಸಾಯುತ್ತದೆ. ಅದು ಬರದಿದ್ದರೆ ಅತ್ತಿಗೆ ಬೀಜವಿಲ್ಲ, ಅತ್ತಿ ಇಲ್ಲದೆ ಅದಕ್ಕೆ ಸಂತಾನವಿಲ್ಲ. ಇಷ್ಟು ವರ್ಷ ಸುತ್ತು ಬಂದ ಮರದ ಗರ್ಭಗುಡಿ ನೋಡಿದ ಹಾಗಾಯಿತು ನನಗೆ.

ದತ್ತ ತನಗೆ 24 ಗುರುಗಳು ಅಂದನಂತೆ. ಭೂಮಿ, ನೀರು, ಹೆಬ್ಬಾವು, ಜೇನು, ಜೇಡ ಎಲ್ಲ ಆ ಪಟ್ಟಿಯಲ್ಲಿವೆ. ಬಾಣ ಮಾಡುವವನೊಬ್ಬನೂ ಇದ್ದಾನೆ. ಅವನು ಕೆಲಸದಲ್ಲಿ ಎಷ್ಟು ಮುಳುಗಿದ್ದ ಅಂದರೆ, ಪಕ್ಕದಲ್ಲೇ ರಾಜನ ಮೆರವಣಿಗೆ ಹೋದರೂ ಗೊತ್ತಾಗಲಿಲ್ಲ. ಕಥೆ ಬಾಯಿಪಾಠ ಇತ್ತು. ಟ್ರಾಫಿಕ್ ಸದ್ದಿನ ನಡುವೆ ಫುಟ್‌ಪಾತಲ್ಲಿ ಕೂತು ಆ ಕಾಯಿ ನೋಡುವಾಗ ಅದು ಅರ್ಥವಾಯಿತು.

ಕೊರತೆಗಳೂ ಇವೆ. ಎರಡೇ ತಿಂಗಳಿಗೆ ಕೀಲಿನ ಸ್ಕ್ರೂ ಸಡಿಲವಾಯಿತು, ಕನ್ನಡಕದ ಸ್ಕ್ರೂಡ್ರೈವರಲ್ಲಿ ಬಿಗಿ ಮಾಡಿಕೊಂಡೆ. ದಾರ ಕೊಡುವುದಿಲ್ಲ, ನೀವೇ ಕಟ್ಟಿಕೊಳ್ಳಿ, ಹುಲ್ಲಲ್ಲಿ ಬಿದ್ದರೆ ಸಿಗುವುದು ಕಷ್ಟ. ಇದರಲ್ಲಿ ಸೂರ್ಯನನ್ನು ಮಾತ್ರ ನೋಡಲೇಬೇಡಿ, ಬಿಸಿಲಲ್ಲಿ ಬಿಚ್ಚಿಡಲೂ ಬೇಡಿ, ಒಣಗಿದ ಎಲೆ ಹೊತ್ತಿಕೊಳ್ಳುತ್ತದೆ. ಮಕ್ಕಳ ಕೈಗೆ ಕೊಟ್ಟರೆ ಪಕ್ಕದಲ್ಲೇ ಇರಿ. ಹೂವು ಕೀಳುವುದು ಬೇಡ, ಗಿಡದಲ್ಲಿರುವಾಗಲೇ ಬಗ್ಗಿ ನೋಡಿ.

ಅಮ್ಮನಿಗೆ ಈಗ ಅವರದ್ದೇ ಒಂದು ಬೇಕಂತೆ. ಶನಿವಾರ ಇಬ್ಬರೂ ಮತ್ತೆ ಚಿಕ್ಕಪೇಟೆಗೆ ಹೋಗುತ್ತಿದ್ದೇವೆ. ಕೆಂಪು ದಾರ ಆಗಲೇ ತೆಗೆದಿಟ್ಟಿದ್ದಾರೆ.